ಅಜ್ಜಿಯ ಗದ್ದದ ಕೆಳಗಿನ ಕಪ್ಪು

ಕೊರೊನಾ ಮುಗಿದ ಮರುವರ್ಷ ಚೈತ್ರ ನನ್ನ ತರಗತಿಗೆ ಬಂದಳು. ಚಾಮರಾಜನಗರದ ಒಂದು ಚಿತ್ರಕಲಾ ಶಾಲೆಯಲ್ಲಿ ನಾನು ಆಗ ಡ್ರಾಯಿಂಗ್ ಅಧ್ಯಾಪಕಿ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಗುಂಡ್ಲುಪೇಟೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಕ್ಕಳ ಹಾಳೆಯಲ್ಲಿ ತಪ್ಪು ಗೆರೆ ಕಂಡರೆ ನನಗೆ ತಡೆಯಲಾಗುತ್ತಿರಲಿಲ್ಲ, ಪೆನ್ಸಿಲ್ ಕಿತ್ತುಕೊಂಡು ತಿದ್ದಿಬಿಡುತ್ತಿದ್ದೆ. ಅದನ್ನೇ ಪಾಠ ಅಂದುಕೊಂಡಿದ್ದೆ. ಮೇಡಂ ಕೈ ಇಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ ಎಂದು ಹುಡುಗರು ಹೇಳುವುದನ್ನು ಕೇಳಿ ಉಬ್ಬಿಯೂ ಹೋಗಿದ್ದೆ.

ಚೈತ್ರ ತೆರಕಣಾಂಬಿಯವಳು. ಕ್ಯಾಲೆಂಡರಿನ ದೇವರುಗಳನ್ನು ಕಣ್ಣುಮುಚ್ಚಿ ಬರೆಯುತ್ತಿದ್ದಳು, ಎದುರಿಗಿಟ್ಟ ಚೊಂಬು ಮಾತ್ರ ಬರುತ್ತಿರಲಿಲ್ಲ. ಚೊಂಬಿನ ಬಾಯಿ ದುಂಡಗಿರುವುದು ಅವಳಿಗೆ ಗೊತ್ತು, ಹಾಗಾಗಿ ದುಂಡಗೇ ಬರೆದಳು. ಕೂತ ಜಾಗದಿಂದ ಅದು ಚಪ್ಪಟೆ ಕಾಣುತ್ತದೆ. ಗೊತ್ತಿರುವುದನ್ನು ಬಿಟ್ಟು ಕಂಡದ್ದನ್ನು ಬರೆಯುವುದೇ ಅಬ್ಸರ್ವೇಶನಲ್ ಡ್ರಾಯಿಂಗ್. ಹಾಳೆಯನ್ನು ಒಂದು ಸಲ ನೋಡಿದರೆ ಚೊಂಬನ್ನು ಮೂರು ಸಲ ನೋಡು ಎಂದು ಬೈದೆ. ಹಟಮಾರಿ ಹುಡುಗಿ, ಅದೇ ಚೊಂಬನ್ನು ನಾಲ್ಕು ತಿಂಗಳು ಬರೆದಳು.

ಎರಡನೇ ವರ್ಷ ಇಂಕ್ ವಾಶ್. ಕಪ್ಪು ಇಂಕಿಗೆ ನೀರು ಬೆರೆಸಿ ತೆಳು, ನಡು, ಗಾಢ ಎಂದು ಮೂರು ಬಟ್ಟಲು ಮಾಡಿಕೊಳ್ಳಬೇಕು. ಇದರಲ್ಲಿ ಬಿಳಿ ಬಣ್ಣವಿಲ್ಲ. ಬೆಳಕು ಬೇಕಾದ ಕಡೆ ಹಾಳೆಯನ್ನು ಹಾಗೇ ಬಿಡಬೇಕು. ಒಮ್ಮೆ ಒಣಗಿದ ಮೇಲೆ ಅಳಿಸಲು ಬರುವುದಿಲ್ಲ. ಇದು ಚೈತ್ರಳ ಕೈಗೆ ಒಲಿಯಿತು. ಒಲಿಯಲೇಬೇಕಿತ್ತು. ಅವಳ ಅಪ್ಪ ಕೊಟ್ಟಿದ್ದ ಗಡುವು ಎರಡೇ ವರ್ಷ: ಡಿಪ್ಲೊಮಾ ಆದರೆ ಡ್ರಾಯಿಂಗ್ ಟೀಚರ್ ಆಗಲಿ, ಇಲ್ಲದಿದ್ದರೆ ಅಕ್ಕನ ಜೊತೆ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗಲಿ.

ಕೊನೆಯ ಪರೀಕ್ಷೆಗೆ ಇಪ್ಪತ್ತು ಹಾಳೆ ಒಪ್ಪಿಸಬೇಕಿತ್ತು. ಇಪ್ಪತ್ತನೆಯದರಲ್ಲಿ ಅವಳ ಅಜ್ಜಿ ಜಗುಲಿಯ ಮೇಲೆ ಅರಿಶಿನದ ಕೊಂಬು ಆರಿಸುತ್ತ ಕೂತಿದ್ದಳು. ಚೆನ್ನಾಗಿತ್ತು. ಗದ್ದದ ಕೆಳಗೆ ಮಾತ್ರ ಕೊಂಚ ಸಪ್ಪೆ ಅನ್ನಿಸಿತು. ಚೈತ್ರಳ ಕೈಯಿಂದ ಕುಂಚ ತೆಗೆದುಕೊಂಡು ಅಲ್ಲೊಂದು ಗಾಢ ಕಪ್ಪು ಎಳೆದೆ. ಅರೆ ನಿಮಿಷದ ಕೆಲಸ.

ಹೊರಗಿನಿಂದ ಬಂದ ಪರೀಕ್ಷಕರು ಆ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಕಪ್ಪು ಬೇರೆ ಕೈಯದು. ಯಾರು ಹಾಕಿದ್ದು?"

ಚೈತ್ರ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಮೂವತ್ತು ವರ್ಷ ಗಳಿಸಿದ ಹೆಸರು, ಇಷ್ಟು ಚಿಕ್ಕದಕ್ಕೆ ಏನಾದೀತು, ಯಾರಾದರೂ ಬೇರೆ ಮಾತೆತ್ತಲಿ ಎಂದು ಕಾಯುತ್ತಿದ್ದೆ. ಕೊನೆಗೆ ಅವಳೇ "ನಾನೇ ಸಾರ್" ಅಂದಳು. ಹಾಗಾದರೆ ಇಲ್ಲೇ ಹಾಕಿ ತೋರಿಸು ಎಂದು ಅವರು ಖಾಲಿ ಹಾಳೆ ಕೊಟ್ಟರು. ಅವಸರದಲ್ಲಿ ಅವಳು ಕುಂಚವನ್ನು ಬಟ್ಟಲಲ್ಲಿ ಪೂರ್ತಿ ಅದ್ದಿ ಇಟ್ಟಳು, ಇಂಕು ಹಾಳೆ ತುಂಬ ಹರಿಯಿತು. ಬೇರೆಯವರಿಂದ ಬರೆಸಿದ್ದಾಳೆ ಎಂದು ಷರಾ ಬರೆದು ಫಲಿತಾಂಶ ತಡೆಹಿಡಿದರು.

ಅವಳು ಶಾಲೆಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ನನ್ನ ಬಸ್ಸು ದಿನವೂ ತೆರಕಣಾಂಬಿಯ ಮೇಲೇ ಹೋಗುತ್ತದೆ. ಮೂರು ದಿನ ಊರು ಬಂದಾಗ ಆಚೆ ಮುಖ ತಿರುಗಿಸಿದೆ. ನಾಲ್ಕನೇ ದಿನ ಇಳಿದುಬಿಟ್ಟೆ.

ಅವಳ ಅವ್ವ ಬಾಗಿಲಲ್ಲೇ ನಿಂತಿದ್ದರು. "ಉಣ್ಣದೂ ಇಲ್ಲ, ಮಾತೂ ಇಲ್ಲ ಮೇಡಂ. ಬರ್ದಿದ್ನೆಲ್ಲ ಒಲೆಗೆ ಆಕ್ಬುಟ್ಟವ್ಳೆ."

ನಾಲ್ಕು ತಿಂಗಳ ಚೊಂಬುಗಳೂ ಬೂದಿಯಾಗಿದ್ದವು. ಸೋಮವಾರದಿಂದ ಫ್ಯಾಕ್ಟರಿಗೆ ಬರುತ್ತಾಳೆ ಎಂದು ಅಪ್ಪ ಹೇಳಿಬಂದಿದ್ದರಂತೆ. ಚೈತ್ರ ಗೋಡೆಗೆ ಒರಗಿ ಕೂತಿದ್ದಳು. ಒಂದೇ ಮಾತು ಆಡಿದಳು.

"ನೀವು ನಿಜ ಏಳ್ತೀರ ಅಂತ ಕಾದೆ ಮೇಡಂ."

ನನ್ನ ವೃತ್ತಿಯಲ್ಲಿ ನಾನು ಅಷ್ಟು ಸಣ್ಣವಳಾದದ್ದು ಇನ್ನೊಮ್ಮೆ ಇಲ್ಲ. ಆ ಕಪ್ಪು ಹಾಕಿದ್ದು ನಾನೇ ಎಂದು ಅಪ್ಪನಿಗೆ ಹೇಳಿ, ಎಂಟು ದಿನ ತಡೆಯಿರಿ ಎಂದು ಕೈಮುಗಿದೆ. ಅವರು ಬೈಯಲಿಲ್ಲ. ಮಗಳ ಮುಖ ನೋಡಿ, ಆಗಲಿ ಎಂದರು.

ಅದೇ ಮಧ್ಯಾಹ್ನ ಶಾಲೆಗೂ ಪರೀಕ್ಷಕರಿಗೂ ತಪ್ಪೊಪ್ಪಿಗೆ ಬರೆದುಕೊಟ್ಟೆ. ನನಗೆ ನೋಟಿಸ್ ಬಂತು, ಪರೀಕ್ಷೆಯ ಕೆಲಸದಿಂದ ತೆಗೆದರು. ಅವಳಿಗೆ ಒಂದೇ ಒಂದು ಅವಕಾಶ ಸಿಕ್ಕಿತು: ಪರೀಕ್ಷಕರ ಎದುರಿಗೆ ಮೂರು ಗಂಟೆ, ನಮ್ಮ ಶಾಲೆಯ ಅಟೆಂಡರ್ ಎದುರು ಕೂರುತ್ತಾನೆ, ಅವನನ್ನು ಇಂಕ್ ವಾಶ್‌ನಲ್ಲಿ ಬರೆಯಬೇಕು. ಮನೆಗೆ ಬಂದು ಅಭ್ಯಾಸ ಮಾಡಿಸಲೇ ಎಂದು ಫೋನಿನಲ್ಲಿ ಕೇಳಿದೆ. "ನೀವ್ ಬರ್ಬ್ಯಾಡಿ ಮೇಡಂ" ಎಂದಳು.

ಆ ಪರೀಕ್ಷೆಯ ದಿನ ನಾನು ಶಾಲೆಗೆ ಹೋಗದೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಇಷ್ಟು ಹೊತ್ತಿಗೆ ತೆಳು ಮುಗಿಸಿರಬೇಕು, ಈಗ ನಡು, ಈಗ ಗಾಢ ಎಂದು ಗಡಿಯಾರ ನೋಡಿಕೊಂಡು ಲೆಕ್ಕ ಹಾಕುತ್ತಿದ್ದೆ. ಮುಗಿದ ಕೂಡಲೇ ಅಟೆಂಡರ್ ಫೋನ್ ಮಾಡಿದ.

"ಪೇಪರ್ ಕಡಿಕೆ ನೋಡ್ನೇ ಇಲ್ಲ ಕಣ್ ಮೇಡಂ, ನನ್ನೇ ನೋಡ್ತಾ ಕೂತಿದ್ಲು. ನಂಗೇ ನಾಚ್ಕೆ ಆಗೋಯ್ತು."

ನಿಲ್ದಾಣದ ಬೆಂಚಿನ ಮೇಲೆ ಅತ್ತುಬಿಟ್ಟೆ. ಅವಳು ಪಾಸಾದಳು, ಅಂಚಿನ ಅಂಕಗಳಲ್ಲಿ.

ಉಳಿದ ಎರಡು ವರ್ಷ ತರಗತಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಓಡಾಡಿದೆ. ತಪ್ಪು ತೋರಿಸುವುದಷ್ಟೇ ಅಧ್ಯಾಪಕರ ಕೆಲಸ, ತಿದ್ದಿಕೊಳ್ಳುವುದು ಬರೆಯುವವರದು. ಇಷ್ಟು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು, ನೋವು ತಿಂದವಳು ಅವಳು. ಚೈತ್ರ ಈಗ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಸ್ಸಿನಲ್ಲಿ ಸಿಕ್ಕರೆ ಎದ್ದು ಸೀಟು ಕೊಡುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ. ಚೀಲದಲ್ಲಿ ಸ್ಕೆಚ್ ಬುಕ್ ಇರುತ್ತದೆ. ಇವತ್ತಿನವರೆಗೂ ತೆರೆದು ತೋರಿಸಿಲ್ಲ. ತೋರಿಸು ಎಂದು ಕೇಳುವ ಮುಖ ನನಗೂ ಇಲ್ಲ.