ಎರಡು ಬೆರಳು ಜಾಸ್ತಿ

ಅಂಬಾಟೊ ಪಟ್ಟಣದಲ್ಲಿ ಬಸ್ಸಿನ ಸೀಟು ಹೊಲಿಯುವವರಿಗೆ ಬರವಿಲ್ಲ. ಆದರೆ ತಾನು ಹೊಲಿದ ಕವರಿನ ಮೇಲೆ ಒಂದೇ ಒಂದು ಸುಕ್ಕು ಕಂಡರೆ ಮಧ್ಯಾಹ್ನದ ಊಟ ಬಿಟ್ಟು ಬಿಚ್ಚಿ ಹೊಲಿಯಲು ಕೂರುವವನು ಎಫ್ರಾಯಿನ್ ತಿಸಲೇಮಾ ಒಬ್ಬನೇ. ಐವತ್ತೇಳು ವರ್ಷ, ಗಿಡ್ಡ ಕತ್ತು, ಬೀರುವಿನಷ್ಟು ಅಗಲದ ಬೆನ್ನು. ದಪ್ಪ ಸೂಜಿ ತಳ್ಳಿ ತಳ್ಳಿ ಬಲಗೈ ಹೆಬ್ಬೆರಳು ಜಡ್ಡುಗಟ್ಟಿ ಕಡಲೆಕಾಳಿನಷ್ಟು ಉಬ್ಬಿತ್ತು. ಮಾತು ಕಡಿಮೆ. ಆಡಿದರೂ ಹೊಲಿಗೆಯದೇ ಮಾತು.

ಇಂಥ ಮೌನಿ ವರ್ಷಕ್ಕೊಂದು ದಿನ ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡು ಅಳುತ್ತಿದ್ದ. ಡಿಸೆಂಬರ್ ಮೂವತ್ತೊಂದರಂದು ಪ್ರತಿ ಬೀದಿಯವರೂ ಹಳೇ ಬಟ್ಟೆಗೆ ಮರದ ಹೊಟ್ಟು ತುಂಬಿ ಒಬ್ಬ ಮುದುಕನನ್ನು ಮಾಡಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವನೇ ಸಾಯುತ್ತಿರುವ ಹಳೇ ವರ್ಷ. ಅವನಿಗೊಬ್ಬಳು ವಿಧವೆ ಬೇಕಲ್ಲ, ಬೀದಿಯ ಗಂಡಸೊಬ್ಬ ಕರಿ ಲಂಗ ಉಟ್ಟು, ರಸ್ತೆಗೆ ಅಡ್ಡ ಹಗ್ಗ ಕಟ್ಟಿ, ಬರುವ ಗಾಡಿಗಳನ್ನೆಲ್ಲ ನಿಲ್ಲಿಸಿ, ಗಂಡ ಸತ್ತನೆಂದು ಗೋಳಾಡಿ ಚಿಲ್ಲರೆ ಕೀಳುತ್ತಾನೆ. ಎಫ್ರಾಯಿನ್ ಇಪ್ಪತ್ತೆಂಟು ವರ್ಷ ತನ್ನ ಬೀದಿಯ ವಿಧವೆಯಾಗಿದ್ದ.

ಬೇರೆ ಬೀದಿಗಳ ವಿಧವೆಯರು ಎದೆಗೆ ಬಲೂನು ತುರುಕಿಕೊಂಡು, ಕಿವಿಯವರೆಗೂ ತುಟಿಬಣ್ಣ ಬಳಿದುಕೊಂಡು ಬರುತ್ತಿದ್ದರು. ಎಫ್ರಾಯಿನ್ ಹಾಗಲ್ಲ. ಸೊಂಟಕ್ಕೆ ಸರಿಯಾಗಿ ಹಿಡಿಸಿ ಹೊಲಿದ ಲಂಗ, ಗೆರೆ ನೇರವಾಗಿ ಕೂತ ಕಾಲುಚೀಲ, ಕಪ್ಪು ಜಾಲರಿಬಟ್ಟೆಯ ಮುಸುಕು. ಎಲ್ಲ ಸರಿ, ಎದೆಯದೊಂದೇ ತೊಂದರೆ. ಹೆಂಡತಿ ಸೊಯ್ಲಾಳ ಬ್ರಾಗೆ ಬೆನ್ನಲ್ಲಿ ಗೇಣುದ್ದ ಎಲಾಸ್ಟಿಕ್ ಜೋಡಿಸಿ, ಒಳಗೆ ಸೀಟಿನ ಸ್ಪಂಜಿನ ತುಂಡಿಟ್ಟು ಹಾಕಿಕೊಳ್ಳುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ಪಟ್ಟಿ ಜಾರುತ್ತಿತ್ತು, ಎದೆಯೊಂದು ಮೇಲೆ ಒಂದು ಕೆಳಗೆ. ಊರಿನ ಸೀಟುಗಳನ್ನೆಲ್ಲ ಸುಕ್ಕಿಲ್ಲದೆ ಕೂರಿಸಿದವನಿಗೆ ತನ್ನ ಮೈಮೇಲಿನ ಸುಕ್ಕು ಸಹಿಸಲಾಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ಆ ಒಂದು ದಿನ ಮಾತ್ರ ಅವನಿಗೆ ತನ್ನದೇ ಬಟ್ಟೆ ತೊಟ್ಟ ಹಾಗಿರುತ್ತಿತ್ತು. ಉಳಿದ ದಿನವೆಲ್ಲ ಯಾರದ್ದೋ ಪ್ಯಾಂಟು, ಯಾರದ್ದೋ ಅಂಗಿ. ಸೊಯ್ಲಾ ಹಿಟ್ಟು ನಾದಲು ಬ್ರೆಡ್ಡಿನ ಅಂಗಡಿಗೆ ಹೋದ ಕೆಲವು ಮಧ್ಯಾಹ್ನ ಅವಳ ಬೀರು ತೆಗೆದು, ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತು, ಮತ್ತೆ ಎಲ್ಲವನ್ನೂ ಮಡಿಚಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಈ ಸಂಗತಿ ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

ಇಪ್ಪತ್ತೊಂಬತ್ತನೇ ವರ್ಷದ ಡಿಸೆಂಬರಿನಲ್ಲಿ ಆ ಒಂದು ದಿನವೂ ಕೈಬಿಟ್ಟಿತು. ಬಸ್ ಡ್ರೈವರ್ ಕ್ಲೇವರ್, ದಪ್ಪ ಮೀಸೆಯ ಆಸಾಮಿ, ಹಗ್ಗವನ್ನು ಅವನ ಕೈಯಿಂದ ತೆಗೆದುಕೊಂಡು ಹೇಳಿಯೇಬಿಟ್ಟ.

"ಬೇಜಾರ್ ಮಾಡ್ಕೋಬೇಡಿ ದೋನ್ ಎಫ್ರಾ. ಜನ ಬರೋದು ನಗೋಕೆ. ನೀವು ನೋಡಿದ್ರೆ ಗಳಿಗೆಗೊಂದ್ಸಲ ಲಂಗ ಸರಿ ಮಾಡ್ಕೊಂಡು, ಪಾದ್ರಿ ಮುಂದೆ ಕೂತವ್ರ ಥರ ಇರ್ತೀರಾ. ನಿಮ್ಮನ್ನ ನೋಡಿದ್ರೆ ನಗು ಬರಲ್ಲ, ಮರ್ಯಾದೆ ಕೊಡ್ಬೇಕು ಅನ್ಸುತ್ತೆ. ಇನ್ಮೇಲಿಂದ ನಾನು ವಿಧವೆ."

ಬೀದಿಯವರೆಲ್ಲ ಹೌದೆಂದರು. ಎಫ್ರಾಯಿನ್ ಮನೆಗೆ ಬಂದು ಕರಿ ಲಂಗವನ್ನು ಮಡಿಚಿಟ್ಟ. ಜನವರಿಯಿಂದ ಏಪ್ರಿಲ್‌ವರೆಗೂ ಅವನ ಹೊಲಿಗೆಯಲ್ಲಿ ಸುಕ್ಕು ಕಾಣಿಸತೊಡಗಿತು. ಮೇ ತಿಂಗಳಿಗೆ ಬರುವಾಗ ಒಂದು ತೀರ್ಮಾನಕ್ಕೆ ಬಂದಿದ್ದ. ಬೀದಿಯವರು ಕೊಡುತ್ತಿದ್ದ ದಿನ ಹೋಯಿತು, ಇನ್ನು ತನ್ನ ದಿನವನ್ನು ತಾನೇ ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ಬೇಕಾದ್ದು ಮೈಗೆ ಸರಿಯಾಗಿ ಕೂರುವ ಒಂದು ಬ್ರಾ. ಎರವಲಿನದಲ್ಲ, ಅಂಗಡಿಯಲ್ಲಿ ಕೊಂಡದ್ದು.

ತಾಯಂದಿರ ದಿನದ ವಾರವನ್ನು ಆರಿಸಿಕೊಂಡ. ಆ ವಾರ ಹೆಂಗಸರ ಅಂಗಡಿಗಳಲ್ಲಿ ಬರೀ ಗಂಡಸರೇ. ಹೆಂಡತಿಗೆ, ಅಮ್ಮನಿಗೆ, ಅತ್ತೆಗೆ ಉಡುಗೊರೆ ಹುಡುಕುತ್ತ ದಾರಿ ತಪ್ಪಿದ ಹಸುಗಳಂತೆ ಓಡಾಡುತ್ತಿರುತ್ತಾರೆ. ಅವರ ನಡುವೆ ತಾನೂ ಒಬ್ಬ, ಯಾರು ಕೇಳುತ್ತಾರೆ?

ಹಿಂದಿನ ದಿನ ಸೀಟು ಹೊಲಿಯುವ ಕಾರ್ಖಾನೆಯ ಮೂಲೆಯಲ್ಲಿ ನಿಂತು ಸ್ವೆಟರಿನ ಮೇಲಿಂದಲೇ ಎದೆ ಸುತ್ತಳತೆ ತೆಗೆದುಕೊಂಡ. ನಲವತ್ತೆರಡು. ಚೀಟಿಯಲ್ಲಿ ಸೀಟಿನ ಬೆನ್ನಿನ ಹಾಗೆ ಒಂದು ಚಿತ್ರ ಬರೆದು, ಎರಡು ಕಡೆ ಬಾಣದ ಗುರುತು ಹಾಕಿ, ಮೂವತ್ತೈದು ವರ್ಷದ ಅಭ್ಯಾಸಬಲದಿಂದ ಸ್ಪಂಜಿಗೆಂದು ಎರಡು ಬೆರಳು ಜಾಸ್ತಿ ಸೇರಿಸಿದ. ನಲವತ್ತನಾಲ್ಕು.

ದೋನ್ಯಾ ಹೆರ್ಮಾನಿಯಾಳ ಒಳಉಡುಪಿನ ಅಂಗಡಿ ಮಾರುಕಟ್ಟೆಯ ಹಿಂದಿನ ಇಳಿಜಾರಿನಲ್ಲಿದೆ. ಕುತ್ತಿಗೆಗೆ ಹಾರದಂತೆ ಅಳತೆ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ಹೆಂಗಸು ಬಾಗಿಲು ದಾಟುವಷ್ಟರಲ್ಲಿ ಅವಳ ಅಳತೆ ಹೇಳಬಲ್ಲೆನೆಂಬ ಜಂಬ ಬೇರೆ.

"ಏನ್ ಬೇಕು ದೋನ್ ಎಫ್ರಾ?"

"ಅದೇ... ಹೆಂಗಸ್ರು ಹಾಕ್ಕೊಳ್ಳೋದು."

"ಇಲ್ಲಿರೋದೆಲ್ಲಾ ಹೆಂಗಸ್ರು ಹಾಕ್ಕೊಳ್ಳೋದೇ. ಹೆಸ್ರು ಹೇಳಿದ್ರೆ ನಾಲಿಗೆ ಸುಡುತ್ತಾ?"

ಪಕ್ಕದಲ್ಲಿ ಅತ್ತೆಗೆ ಪೆಟಿಕೋಟು ಆರಿಸುತ್ತಿದ್ದ ಇಬ್ಬರು ಗಂಡಸರು ಕಿಸಕ್ಕೆಂದರು. ಎಫ್ರಾಯಿನ್ ಚೀಟಿಯನ್ನು ಮುಂದೆ ತಳ್ಳಿದ. ಹೆರ್ಮಾನಿಯಾ ಕನ್ನಡಕ ಮೇಲೇರಿಸಿ ಓದಿದಳು.

"ನಲವತ್ನಾಲ್ಕು? ಸೊಯ್ಲಾದು ಮೂವತ್ನಾಲ್ಕು. ಇಪ್ಪತ್ತು ವರ್ಷದಿಂದ ನಾನೇ ಕೊಡ್ತಿದೀನಿ. ಇದ್ಯಾರ್ದು?"

ಈ ಪ್ರಶ್ನೆ ಬರುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ.

"ಒಬ್ರು ಪರಿಚಯದವರದು."

"ಎಷ್ಟೆತ್ತರ ಇದ್ದಾರೆ ನಿಮ್ಮ ಪರಿಚಯದವರು?"

"ನನ್ನಷ್ಟೇ."

"ದಪ್ಪ?"

"ಅದೂ ನನ್ನಷ್ಟೇ. ಬೆನ್ನು ಅಗಲ. ಮುಂದೆ ಮಾತ್ರ... ಅಷ್ಟೇನೂ ಇಲ್ಲ."

ಹೆರ್ಮಾನಿಯಾಳ ಮುಖ ಗಂಟಿಕ್ಕಿತು. ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮೂಟೆ ಎತ್ತುವ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ನಿಲ್ಲಿಸಿ ಅಳೆದಳು. ಯಾರೂ ಹೊಂದಲಿಲ್ಲ. ಆಗ ಒಳಗೆ ಸರಕು ನೋಡಿ ಬರುತ್ತೇನೆಂದು ಹೋಗಿ, ಪೆಟ್ಟಿಗೆಗಳ ಹಿಂದೆ ನಿಂತು ಸೊಯ್ಲಾಳಿಗೆ ಫೋನು ಮಾಡಿದಳು. ಹೊರಗೆ ಬಂದವಳು ಹಲ್ಲು ಕಚ್ಚಿಕೊಂಡು ಒಂದಾದ ಮೇಲೊಂದು ಡಬ್ಬಿ ಬಿಚ್ಚಿ ತೋರಿಸತೊಡಗಿದಳು. ಪಾಪದ ಎಫ್ರಾಯಿನ್, ಇಷ್ಟು ಒಳ್ಳೆ ವ್ಯಾಪಾರಗಾರ್ತಿ ಎಲ್ಲಿ ಸಿಗುತ್ತಾಳೆ ಎಂದುಕೊಂಡು ಪ್ರತಿಯೊಂದರ ಹೊಲಿಗೆಯನ್ನೂ ಒಳಗಿನಿಂದ ತಿರುಗಿಸಿ ನೋಡುತ್ತ ನಿಂತ. ಅವನಿಗೆ ನಿಜಕ್ಕೂ ಖುಷಿಯಾಗುತ್ತಿತ್ತು.

ಕಾಲು ಗಂಟೆಯಲ್ಲಿ ಸೊಯ್ಲಾ ಬಂದಳು. ಏಪ್ರನ್ನಿನ ತುಂಬ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಹೆರ್ಮಾನಿಯಾ ಆ ಇಬ್ಬರು ಗಂಡಸರನ್ನು ಆಚೆ ಅಟ್ಟಿ, ಬಾಗಿಲು ಅರ್ಧ ಎಳೆದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೇಳು ಸೊಯ್ಲಾ, ಯಾವಳು ಅಂತ ಕೇಳು! ನನ್ನ ಅಂಗಡೀಲಿ ಇಂಥದ್ದು ನಡೆಯೋಕೆ ಬಿಡಲ್ಲ."

ಎಫ್ರಾಯಿನ್ ಲೆಕ್ಕ ಹಾಕಿದ. ಸುಳ್ಳು ಒಪ್ಪಿಕೊಂಡರೆ ಹೆಂಡತಿಗೆ ಮೋಸ ಮಾಡಿದ ಗಂಡ. ಅಂಥವರು ಊರಲ್ಲಿ ಬೇಕಾದಷ್ಟಿದ್ದರು, ನಾಲ್ಕು ದಿನ ಬೈಸಿಕೊಂಡು ಮನೆಗೆ ಹೋಗುತ್ತಿದ್ದರು. ನಿಜ ಹೇಳಿದರೆ ತಾನು ಏನಾಗುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರ ಆ ಗಾಜಿನ ಮೇಜಿನ ಮೇಲೆ ಕೂತಿತ್ತು. ಸುಳ್ಳೇ ಸುಲಭವೆನ್ನಿಸಿತು.

"ತಪ್ಪಾಯ್ತು ಸೊಯ್ಲಾ. ಒಬ್ಬಳಿದ್ದಾಳೆ. ಅವಳ ಹೆಸರು... ಹೆಸರು..."

ಇಲ್ಲದ ಆ ದೈತ್ಯ ಹೆಂಗಸಿಗೆ ಒಂದು ಹೆಸರು ಕೂಡ ಹೊಳೆಯಲಿಲ್ಲ. ಅಷ್ಟರಲ್ಲಿ ಸೊಯ್ಲಾ ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡಿದ್ದಳು. ಬಾಣದ ಗುರುತು ನೋಡಿದಳು. ನಲವತ್ತೆರಡರ ಪಕ್ಕದ ಎರಡು ಬೆರಳನ್ನು ನೋಡಿದಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡು ಹೆರ್ಮಾನಿಯಾ ಹಿಡಿಯಲು ಹೋದರೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಯ್ಯೋ ಮುದ್ಕಾ! ಇದು ಹೆಂಗಸಿನ ಅಳತೇನಾ, ಬಸ್ ಸೀಟಿಂದಾ? ನಿನ್ನ ಮೈಯೊಳಗೂ ಸ್ಪಂಜು ತುಂಬಿದ್ಯೇನೋ?"

"ನನ್ನ... ಮೈಯಾ?"

"ಇನ್ಯಾರ್ದು? ನನ್ನ ಬ್ರಾ ಕೊಕ್ಕೆ ಕಿತ್ತೋದಾಗ್ಲೆಲ್ಲಾ ಬಸ್ ಸೀಟಿನ ಮೇಣದ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿಡ್ತಿದ್ದೋನು ಯಾರು, ದೇವದೂತನಾ? ನಂಗೆ ಗೊತ್ತಾಗಿ ಹದಿನೆಂಟು ವರ್ಷ ಆಯ್ತು ಕಣೋ. ಆ ಹೊಲಿಗೆ ಕಿತ್ತುಹೋಗ್ತಿರ್ಲಿಲ್ಲ, ಬೆನ್ನು ಮಾತ್ರ ಉಜ್ಜಿ ಉಜ್ಜಿ ಗಾಯ ಆಗ್ತಿತ್ತು."

"ಯಾಕೆ ಕೇಳ್ಲಿಲ್ಲ ನೀನು?"

ಸೊಯ್ಲಾಳ ನಗು ನಿಂತಿತು. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು, ಮುಖಕ್ಕೆ ಇನ್ನಷ್ಟು ಹಿಟ್ಟು ಹತ್ತಿತು.

"ನೀನೇ ಹೇಳ್ತೀಯಾ ಅಂತ ಕಾಯ್ತಾ ಇದ್ದೆ. ಆಮೇಲೆ ಕೇಳಿದ್ರೆ ನಿಲ್ಲಿಸಿಬಿಡ್ತೀಯೇನೋ ಅಂತ ಹೆದ್ರಿಕೆ ಆಯ್ತು. ಆ ಮಧ್ಯಾಹ್ನಗಳ ಮಾರನೇ ದಿನ ನೀನು ಹಾಡ್ಕೊಂಡು ಕಾಫಿ ಮಾಡ್ತೀಯ ಮುದ್ಕಾ. ಈ ನಾಲ್ಕು ತಿಂಗಳಿಂದ ಮನೇಲಿ ಹಾಡೇ ಇಲ್ಲ."

ಇಪ್ಪತ್ತೆಂಟು ವರ್ಷ ಬೀದಿಯಲ್ಲಿ ಸುಳ್ಳು ಅಳು ಅತ್ತವನು ಈಗ ಬಾಯಿಂದ ಒಂದು ಸದ್ದೂ ಬರದೆ ನಿಜಕ್ಕೂ ಅತ್ತ. ಇಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಇಬ್ಬರನ್ನೂ ಬಾಯಿಬಿಟ್ಟು ನೋಡುತ್ತಿದ್ದ ಹೆರ್ಮಾನಿಯಾಳಿಗೆ ಕೊನೆಗೂ ವಿಷಯ ತಲೆಗೆ ಹೋಯಿತು. ನಾಚಿಕೆ, ಗಾಬರಿ ಎಲ್ಲ ಒಮ್ಮೆ ಮುಖದ ಮೇಲೆ ಹಾದುಹೋಯಿತು. ಆದರೆ ಅವಳೊಳಗಿನ ಕಸುಬುಗಾರ್ತಿ ಸುಮ್ಮನಿರಬೇಕಲ್ಲ.

"ಸ್ವೆಟರ್ ಮೇಲೆ ಅಳ್ದಿದೀರಾ?"

"ಹೂಂ."

"ಕಸುಬು ಮಾಡೋರು ನೀವು, ನಾಚಿಕೆ ಆಗಲ್ವಾ? ಬನ್ನಿ ಒಳಗೆ. ಅದನ್ನ ತೆಗೀರಿ. ಕೈ ಎತ್ತಿ. ಉಸಿರು ಬಿಗಿ ಹಿಡೀಬೇಡಿ, ಬಿಡಿ!"

ಪರದೆಯ ಹಿಂದೆ ತಣ್ಣನೆಯ ಟೇಪು ಬೆನ್ನಿಗೆ ತಾಗಿತು. ಊರಿನ ಅರ್ಧ ಹೆಂಗಸರನ್ನು ಅಳೆದ ಟೇಪು ಅದು. ನಲವತ್ತು ಬಂತು. ಅಗಲ ಬೆನ್ನಿಗೆ ಮುಂದೆ ಚಿಕ್ಕ ಬಟ್ಟಲಿನ ಬ್ರಾ ಸಿಗುವುದು ಕಷ್ಟವೆಂದು ಗೊಣಗುತ್ತ ಹೆರ್ಮಾನಿಯಾ ಹನ್ನೊಂದು ಹಾಕಿಸಿ ತೆಗೆಸಿದಳು. ಒಂದು ಕಂಕುಳಲ್ಲಿ ಚುಚ್ಚಿತು, ಇನ್ನೊಂದು ಬೆನ್ನ ಮೇಲೆ ಏರಿತು. ಹನ್ನೆರಡನೆಯದು ಬೂದು ಬಣ್ಣದ್ದು. ಅದರ ಮಧ್ಯದ ಕೊಕ್ಕೆ ಸಿಕ್ಕಿಸಿ, ಪಟ್ಟಿಯಡಿ ಬೆರಳು ತೂರಿಸಿ ನೋಡಿ, ಅವಳು ಸುಮ್ಮನೆ ಹಿಂದೆ ಸರಿದಳು. ಎಫ್ರಾಯಿನ್ ಕನ್ನಡಿ ನೋಡಿದ. ಎಲ್ಲೂ ಒಂದು ಸುಕ್ಕಿರಲಿಲ್ಲ.

"ಹೆಂಗಿದೆ?" ಹೊರಗಿನಿಂದ ಸೊಯ್ಲಾ ಕೂಗಿದಳು.

"ಕೂತಿದೆ," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅದಾದ ಮೇಲೆ ಅವರಿಬ್ಬರೂ ಎಷ್ಟೋ ಸೋಮವಾರ ಸಂತೆಗೆ ಹೋದರು. ಲಂಗ, ರವಿಕೆ, ಸ್ವೆಟರುಗಳನ್ನು ಎತ್ತಿ ಹಿಡಿದು ಜಗಳವಾಡಿದರು. ಸೊಯ್ಲಾಳಿಗೆ ಹೂವಿನದು ಬೇಕು, ಅವನಿಗೆ ಹೊಲಿಗೆ ಗಟ್ಟಿಯಿರುವುದು ಬೇಕು. ಕಡೆಗೆ ಇಬ್ಬರೂ ಒಪ್ಪಿದ್ದು ಕಡುನೀಲಿಯ ಮೇಲೆ ಸಣ್ಣ ಬಿಳಿ ಹೂವಿನ ಉಡುಪು. ಕರಿದು ಮಾತ್ರ ಬೇಡವೆಂದ. ಇಪ್ಪತ್ತೆಂಟು ವರ್ಷದ ಸೂತಕ ಸಾಕಾಗಿತ್ತು.

ಆ ವರ್ಷದ ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಗಂಡಹೆಂಡಿರು ಆ ನೀಲಿ ಉಡುಪಿನಲ್ಲಿ ಒಬ್ಬರು, ಕೆಂಪು ಶಾಲಿನಲ್ಲಿ ಒಬ್ಬರು, ತೋಳಿಗೆ ತೋಳು ಸೇರಿಸಿ ಮನೆಯಿಂದ ಹೊರಬಿದ್ದರು. ಬೀದಿಯ ತಿರುವಿನಲ್ಲಿ ಹಗ್ಗ ಕಟ್ಟಿತ್ತು. ಕ್ಲೇವರ್ ಮೀಸೆಯ ಮೇಲೇ ತುಟಿಬಣ್ಣ ಬಳಿದುಕೊಂಡು, ಎರಡು ಹಳದಿ ಬಲೂನು ಹೊತ್ತು ಓಡಿಬಂದ.

"ಅಯ್ಯೋ ಸೆನ್ಯೋರಾಗಳೇ, ನನ್ನ ಮುದ್ಕ ಹೋಗ್ಬಿಟ್ಟ! ಹನ್ನೆರಡು ತಿಂಗಳಿಗೆ ಹನ್ನೆರಡು ಮಕ್ಳು ಕೊಟ್ಟು ಹೋಗ್ಬಿಟ್ಟ! ಹೆಂಗಸ್ರ ಕಷ್ಟ ಗಂಡಸ್ರಿಗೇನ್ ಗೊತ್ತು, ನೀವು ಹೆಂಗಸ್ರು, ನಿಮಗೆ ಅರ್ಥ ಆಗುತ್ತೆ!"

ಅವನಿಗೆ ಗುರುತೇ ಸಿಕ್ಕಿರಲಿಲ್ಲ. ಎಫ್ರಾಯಿನ್‌ಗೆ ನಗು ಒತ್ತರಿಸಿ ಬಂತು. ಕ್ಲೇವರ್ ಹೇಳಿದ್ದು ಸರಿ, ವಿಧವೆ ಅಂದರೆ ಹೀಗೇ ಇರಬೇಕು. ಮೈಮರೆತು ನಕ್ಕ. ಅಷ್ಟರಲ್ಲಿ ಕ್ಲೇವರ್‌ನ ಪಟ್ಟಿ ಜಾರಿ ಒಂದು ಬಲೂನು ಹೊಟ್ಟೆಗೆ ಇಳಿಯಿತು. ಎಫ್ರಾಯಿನ್‌ನ ಕೈ ಸುಮ್ಮನಿರಲಿಲ್ಲ. ಪಟ್ಟಿಯನ್ನು ಎತ್ತಿ ಹೆಗಲಿಗೇರಿಸಿ, ಬೆನ್ನಲ್ಲಿ ಒಂದು ಕೊಕ್ಕೆ ಒಳಗೆ ಸಿಕ್ಕಿಸಿದ.

"ಒಂದು ಕೊಕ್ಕೆ ಬಿಗಿ ಹಾಕ್ಕೋ ಮಗ್ಳೇ. ಸಂಜೆವರ್ಗೂ ನಿಲ್ಲುತ್ತೆ."

ಕ್ಲೇವರ್ ತನ್ನ ಹೆಗಲ ಮೇಲಿದ್ದ ಜಡ್ಡುಗಟ್ಟಿದ ಹೆಬ್ಬೆರಳನ್ನು ನೋಡಿದ. ಅವನ ಬಸ್ಸಿನ ಸೀಟುಗಳನ್ನೆಲ್ಲ ಹೊಲಿದ ಹೆಬ್ಬೆರಳು ಅದು. ಮುಖ ನೋಡಿದ. ಕಿವಿಯೋಲೆ ನೋಡಿದ. ನೀಲಿ ಉಡುಪು ಹೆಗಲಿಂದ ಸೊಂಟದವರೆಗೆ ಕೂತಿದ್ದನ್ನು ನೋಡಿದ. ಅಳುತ್ತಿದ್ದ ಬಾಯಿ ತೆರೆದೇ ಉಳಿಯಿತು. ಹಿಂದೆ ಬೀದಿಯವರೆಲ್ಲ ಮುಂದಿನ ತಮಾಷೆಗೆ ಕಾಯುತ್ತ ನಿಂತಿದ್ದರು. ಎಫ್ರಾಯಿನ್ ಸೊಯ್ಲಾಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

ಕ್ಲೇವರ್ ಬಲೂನು ನೆಟ್ಟಗೆ ಮಾಡಿಕೊಂಡು ಹಿಂದೆ ತಿರುಗಿ ಬೀದಿ ಅದುರುವಂತೆ ಕೂಗಿದ.

"ಏ, ಹಗ್ಗ ಇಳಿಸ್ರೋ! ಹೆಂಗಸ್ರು ಹೋಗ್ಬೇಕು!"

ಹಗ್ಗ ಕೆಳಗಿಳಿಯಿತು. ಎಫ್ರಾಯಿನ್ ಉಡುಪಿನ ತುದಿಯನ್ನು ತುಸು ಎತ್ತಿ ಹಿಡಿದು ಅದನ್ನು ದಾಟಿದ.