ಎಕ್ಸಲೇಟರ್ ಬಿಡು ಮಾರಾಯಾ!

ನೀವು ಗಾಡಿಯ ಮೇಲೆ ಕುಳಿತಿದ್ದೀರಿ. ಗಾಡಿ ಹೊರಟಿದೆ. ಹಿಂದಿನಿಂದ ಒಬ್ಬರು "ಬಿಡು! ಬಿಡು!" ಎಂದು ಕೂಗುತ್ತಾರೆ. ಏನು ಮಾಡುತ್ತೀರಿ? ಕೈ ಬಿಡುತ್ತೀರೋ, ಗಾಡಿ ಬಿಡುತ್ತೀರೋ?

ನಿಧಾನವಾಗಿ ಯೋಚಿಸಿ. ನನಗೆ ಆ ಅನುಕೂಲ ಇರಲಿಲ್ಲ. ಮೊದಲು ಪದದ ಅರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು, ಆಮೇಲೆ ವಾದ ಹೂಡಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವನು ನಾನು. ಆದರೆ ಕಳೆದ ಭಾನುವಾರ ಉಜಿರೆಯಲ್ಲಿ, ನನ್ನ ಅಕ್ಕನ ಮನೆಯಂಗಳದಲ್ಲಿ, ಪದ ಮೊದಲು ಬಂತು. ನಂತರ ಎದುರಿಗೆ ಭಾವನ ಬೈಕ್ ಬಂತು. ಅರ್ಥ ಎಲ್ಲಕ್ಕಿಂತ ಕೊನೆಗೆ ಬಂತು.

ಬೆಂಗಳೂರಿನವರು ಗಾಡಿ ಓಡಿಸುತ್ತಾರೆ. ನಾವು ಬಿಡುತ್ತೇವೆ. "ಕಾರು ಬಿಡ್ಲಿಕ್ಕೆ ಬರ್ತದಾ?" ಎಂದು ನಮ್ಮಲ್ಲಿ ಮದುವೆ ಹುಡುಗನನ್ನೂ ಕೇಳುತ್ತಾರೆ. ಒಂದೇ ಕ್ರಿಯಾಪದದಲ್ಲಿ ಹಿಡಿಯುವುದನ್ನೂ ಬಿಡುವುದನ್ನೂ ತುರುಕಿಟ್ಟ ಜಾಣರು ನಾವು! (ಮನೆಯಲ್ಲಿ ನಾವು ಮಾತಾಡುವುದು ತುಳು. ಅಲ್ಲಿಯ 'ಬುಡು' ಕೂಡ ಇದೇ ಅವಾಂತರ ಮಾಡುತ್ತದೆ. ಆದ್ದರಿಂದ ಕನ್ನಡವೊಂದನ್ನೇ ದೂರಬೇಡಿ.)

ವಿಷಯಕ್ಕೆ ಬರುತ್ತೇನೆ.

ಅಕ್ಕನಿಗೆ ಉಜಿರೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ ಉಂಟು. ಮೊಣಕಾಲು ನೋವಿನಿಂದ ಸೈಕಲ್ ತುಳಿಯುವುದು ನಿಂತಮೇಲೆ ಭಾವನೇ ಬೈಕಿನಲ್ಲಿ ಕರೆದೊಯ್ಯುತ್ತಿದ್ದರು. ಯಾವಾಗ? ಪೇಪರ್ ಓದಿ ಮುಗಿದ ಮೇಲೆ, ಎರಡನೆಯ ಚಹಾ ಕುಡಿದ ಮೇಲೆ, ಯಾರದೋ ಫೋನ್ ಬಂದು ಹೋದ ಮೇಲೆ. ಅಂಗಡಿಯ ಬಾಗಿಲು ಅಕ್ಕನದು, ಅದು ತೆರೆಯುವ ಹೊತ್ತು ಭಾವನ ಚಹಾದ್ದು. ಕಳೆದ ವರ್ಷ ಅವಳ ಹಳೆಯ ಸೈಕಲಿಗೆ ಮೂಡುಬಿದಿರೆಯಲ್ಲಿ ಬ್ಯಾಟರಿ, ಮೋಟಾರು ಕೂರಿಸಿದೆವು. ಅಂದಿನಿಂದ ಅಕ್ಕ ಯಾರ ಚಹಾಕ್ಕೂ ಕಾದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸೈಕಲಿನ ಎಕ್ಸಲೇಟರ್, ಅಂದರೆ ಹ್ಯಾಂಡಲಿನ ಬಲಗಡೆ ತಿರುಪುವ ಹಿಡಿ, ತಿರುಗಿದಲ್ಲೇ ಸಿಕ್ಕಿಕೊಂಡಿತು. ಕೈ ತೆಗೆದರೂ ಸೈಕಲ್ ನಿಲ್ಲಲಿಲ್ಲ. ಅಕ್ಕ ಕೀ ಆಫ್ ಮಾಡಿದಳು, ರಸ್ತೆಯ ಬದಿಗೆ ಕಾಲೂರಿ ನಿಂತಳು. ಒಂದು ಗೀರೂ ಆಗಲಿಲ್ಲ.

ಆದರೆ ನೋಡಿದವರಿದ್ದರು. ಸುದ್ದಿ ಬೆಳ್ತಂಗಡಿ ಮುಟ್ಟುವಾಗ ಅಕ್ಕ ಚರಂಡಿಯಲ್ಲಿದ್ದಳು. ಬಂಟ್ವಾಳದಲ್ಲಿರುವ ನನಗೆ ಮುಟ್ಟುವಾಗ ಆಸ್ಪತ್ರೆಯಲ್ಲಿದ್ದಳು. ಗಾಬರಿಯಿಂದ ಫೋನ್ ಮಾಡಿದರೆ ಅಂಗಡಿಯಲ್ಲಿ ಕುಳಿತು ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದಳು.

"ಬಿದ್ದದ್ದು ನಾನಲ್ಲ ಮಾರಾಯ, ನಿನ್ನ ಭಾವನ ತೀರ್ಪು ಬಿದ್ದದ್ದು," ಎಂದಳು.

ತೀರ್ಪನ್ನು, ಸುದ್ದಿ ಕೇಳಿ ಅಂಗಡಿಗೆ ಬಂದಿದ್ದ ಭಾವನೇ ಹಿಂದಿನಿಂದ ಗಟ್ಟಿಯಾಗಿ ಓದಿದರು: "ಸಾಕು ಈ ಸರ್ಕಸ್! ಸೋಮವಾರ ಕಕ್ಕಿಂಜೆಯ ಗುಜರಿಯವ ಬರ್ತಾನೆ, ಕೊಟ್ಟು ಕಳಿಸುವ. ಅವಳನ್ನು ಅಂಗಡಿಗೆ ನಾನೇ ಬಿಡ್ತೇನೆ."

(ನೋಡಿ, ಮತ್ತೆ 'ಬಿಡು'. ಈ ಸಲದ ಅರ್ಥ: ನಾನು ಏಳುವವರೆಗೆ ನೀನು ಕಾಯಿ.)

ಅಕ್ಕ ದನಿ ತಗ್ಗಿಸಿದಳು. "ಸ್ತ್ರೀ ಸ್ವಾವಲಂಬನೆ ಅಂತ ಊರೂರಲ್ಲಿ ಮೈಕ್ ಹಿಡೀತೀ ಅಲ್ವಾ? ಭಾನುವಾರ ಒಂದು ಸ್ಪ್ಯಾನರ್ ಹಿಡ್ಕೊಂಡು ಬಾ."

ಹೋಗದೆ ಇರಲು ಸಾಧ್ಯವೇ?

ಮೂಡುಬಿದಿರೆಗೆ ಹೋಗಿ ಹೊಸ ಎಕ್ಸಲೇಟರ್ ಕೇಳಿದೆ. ಅಂಗಡಿಯ ಕಟ್ಟೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಇದು ಸಹಿಸಲಾಗಲಿಲ್ಲ.

"ಸೈಕಲಿಗೆ ಎಕ್ಸಲೇಟರಾ? ಹಾಗಾದ್ರೆ ಪೆಡಲ್ ಯಾಕೆ ಉಂಟು?"

"ಬ್ಯಾಟರಿ ಮುಗಿದ್ರೆ ತುಳೀಲಿಕ್ಕೆ."

"ಹೇಗೂ ತುಳೀಬೇಕಲ್ಲ, ಮೊದಲೇ ತುಳಿದ್ರೆ ಏನು?"

ಹೀಗೆ ತರ್ಕಿಸುವವರ ಎದುರು ಯಾವ ಚರ್ಚಾಸ್ಪರ್ಧೆಯ ತರಬೇತಿಯೂ ನಿಲ್ಲುವುದಿಲ್ಲ. ಪೊಟ್ಟಣ ಹಿಡಿದು ಉಜಿರೆಗೆ ಹೊರಟೆ.

ಕೆಲಸ ದೊಡ್ಡದೇನಲ್ಲ. ಬ್ಯಾಟರಿ ಆಫ್ ಮಾಡಿದೆ. ಸೋಪಿನ ನೀರು ಹಾಕಿ ಹ್ಯಾಂಡಲಿನ ತುದಿಯಲ್ಲಿ, ಎಕ್ಸಲೇಟರಿನ ಪಕ್ಕಕ್ಕಿರುವ ತಿರುಗದ ರಬ್ಬರ್ ಹಿಡಿಯನ್ನು ಎಳೆದೆ. ಸ್ಕ್ರೂ ಸಡಿಲಿಸಿ, ವೈರಿನ ಪ್ಲಗ್ ಕಳಚಿ ಹಳೆಯ ಎಕ್ಸಲೇಟರ್ ಹೊರತೆಗೆದೆ. ಒಳಗಿನ ಸ್ಪ್ರಿಂಗ್ ಮಳೆಗಾಲದ ತುಕ್ಕು ತಿಂದು ಸುಸ್ತಾಗಿತ್ತು. ಹೊಸದನ್ನು ತೂರಿಸಿದೆ, ಪ್ಲಗ್ ಜೋಡಿಸಿದೆ, ಸ್ಕ್ರೂ ಬಿಗಿದೆ. ಕೊನೆಗೆ ರಬ್ಬರ್ ಹಿಡಿಯನ್ನು, ಯಾವ ಸಡಿಲಕ್ಕೂ ಆಸ್ಪದವಿರಬಾರದೆಂದು, ಎಕ್ಸಲೇಟರಿಗೆ ತಾಗುವವರೆಗೆ ಗುದ್ದಿ ಗುದ್ದಿ ಕೂರಿಸಿದೆ. ಸುಧಾರಕರಿಗೆ ಸಡಿಲವೆಂದರೆ ಆಗುವುದಿಲ್ಲ.

ಸ್ಟ್ಯಾಂಡ್ ಹಾಕಿ, ಚಕ್ರವನ್ನು ನೆಲದಿಂದ ಎತ್ತಿ ಪರೀಕ್ಷಿಸಬೇಕಿತ್ತು. ನಾನು ಹತ್ತಿ ಕುಳಿತೆ. ಕೀ ಆನ್ ಮಾಡಿ ಎಕ್ಸಲೇಟರನ್ನು ತುಸುವೇ ತಿರುಪಿದೆ. ಸೈಕಲ್ ಮೆಲ್ಲನೆ ಹೊರಟಿತು. ಎಕ್ಸಲೇಟರ್ ಹಿಂದಿರುಗದೆ ಸಿಕ್ಕಿಕೊಂಡದ್ದು ನನ್ನ ಗಮನಕ್ಕೆ ಬರಲಿಲ್ಲ.

ಭಾವ ಮೆಟ್ಟಿಲಿನಿಂದ ಎದ್ದು ಕೂಗಿದರು. "ಬಿಡು! ಬಿಡು ಮಾರಾಯಾ!"

ಎಂಥ ಉದಾರ ಮನಸ್ಸು! ಸೈಕಲನ್ನೇ ಗುಜರಿಗೆ ಹಾಕಹೊರಟ ಮನುಷ್ಯ ನನ್ನನ್ನು ಹುರಿದುಂಬಿಸುತ್ತಿದ್ದಾರೆ! ನಾನು ಪೂರ್ತಿ ತಿರುಪಿದೆ.

"ಎಕ್ಸಲೇಟರ್ ಬಿಡು ಅಂದದ್ದು!"

ಈ ತಿದ್ದುಪಡಿ ಬರುವಷ್ಟರಲ್ಲಿ ನಾನೂ ಸೈಕಲೂ ಭಾವನ ಬೈಕನ್ನು ಅಪ್ಪಿಕೊಂಡು ಮಲಗಿದ್ದೆವು. ಅಕ್ಕ ಓಡಿಬಂದು ಕೀ ಆಫ್ ಮಾಡಿದಳು. ಸೈಕಲಿಗೆ ಏನೂ ಆಗಿರಲಿಲ್ಲ. ಬೈಕಿನ ಕನ್ನಡಿಯೂ ಒಡೆಯಲಿಲ್ಲ, ಒಡೆಯಲು ಅದಕ್ಕೆ ಕನ್ನಡಿಯೇ ಇರಲಿಲ್ಲ. ಬೈಕಿನ ಹಿಂದಿನ ಬ್ರೇಕನ್ನು ಒತ್ತಿ ನೋಡಿದೆ. ಪೆಡಲ್ ನೆಲದವರೆಗೆ ಹೋಯಿತು, ಚಕ್ರಕ್ಕೆ ಸುದ್ದಿ ಹೋಗಲಿಲ್ಲ.

"ಭಾವ, ಇದಕ್ಕೆ ಬ್ರೇಕ್ ಇಲ್ವಾ?"

"ನನಗೆ ಅಭ್ಯಾಸ ಉಂಟು."

ಸಭಿಕರೇ, ಕ್ಷಮಿಸಿ, ಓದುಗರೇ, ನನ್ನ ವಾದ ಇಷ್ಟೇ. ಬ್ರೇಕಿಲ್ಲದ ಬೈಕ್ ಗಂಡಸಿನದಾದರೆ ಅದು ಅಭ್ಯಾಸ. ಒಂದು ಬೆಳಿಗ್ಗೆ ಎಕ್ಸಲೇಟರ್ ಸಿಕ್ಕಿಕೊಂಡ ಸೈಕಲ್ ಹೆಂಗಸಿನದಾದರೆ ಅದು ಸರ್ಕಸ್. ಅವನ ಗಾಡಿ ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ. ಅವಳ ಗಾಡಿ ಕೆಟ್ಟರೆ ಗುಜರಿಗೆ ಏಕೆ ಹೋಗಬೇಕು? ಗಾಡಿಯ ದೋಷಕ್ಕೆ ಅವಳಿಗೇಕೆ ಶಿಕ್ಷೆ? ಇದನ್ನೆಲ್ಲ ಅಂಗಳದಲ್ಲೇ ನಿಂತು, ಮೊಣಕೈಯ ಮಣ್ಣು ಒರೆಸುತ್ತ, ಏರುದನಿಯಲ್ಲಿ ಮಂಡಿಸಿದೆ.

"ಎಲ್ಲ ಸರಿ. ಇದು ಈಗ ಪುನಃ ಸಿಕ್ಕಿಕೊಂಡದ್ದು ಯಾಕೆ?" ಎಂದರು ಭಾವ.

ಪ್ರತಿವಾದ ಬಲವಾಗಿತ್ತು. ಸೋಮವಾರ ದೂರವಿರಲಿಲ್ಲ. ಹಿಡಿಯನ್ನು ಮತ್ತೆ ಬಿಚ್ಚಿ ನೋಡಿದೆ. ನಾನು ಗುದ್ದಿ ಕೂರಿಸಿದ ರಬ್ಬರಿನ ಅಂಚು ಎಕ್ಸಲೇಟರಿಗೆ ಒತ್ತಿ ಉಜ್ಜಿದ ಗುರುತಿತ್ತು. ಹೊಸ ಸ್ಪ್ರಿಂಗಿಗೂ ಅದನ್ನು ಹಿಂದೆ ತಿರುಗಿಸುವ ಶಕ್ತಿ ಇರಲಿಲ್ಲ.

ಅಕ್ಕ ಹೆಗಲ ಮೇಲಿಂದ ಇಣುಕಿದಳು. "ನಿನ್ನ ಭಾಷಣದ ಹಾಗೇ ಮಾಡಿದ್ದೀ. ಎಡೆಯೇ ಇಲ್ಲ."

ಈ ಸಲ ರಬ್ಬರಿಗೂ ಎಕ್ಸಲೇಟರಿಗೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಎಡೆ ಬಿಟ್ಟೆ. ಸ್ಟ್ಯಾಂಡ್ ಹಾಕಿ, ಚಕ್ರ ಎತ್ತಿ, ತಿರುಪಿ ನೋಡಿದೆ. ಕೈ ತೆಗೆದೊಡನೆ ಹಿಡಿ ಟಕ್ ಎಂದು ಸ್ವಸ್ಥಾನಕ್ಕೆ ಮರಳಿತು. ಮತ್ತೆ ಮತ್ತೆ ತಿರುಪಿದೆ. ಪ್ರತಿ ಸಲವೂ ಟಕ್.

ಅಕ್ಕ ಸೆರಗು ಸಿಕ್ಕಿಸಿ ಸೈಕಲ್ ಹತ್ತಿದಳು. ಭಾವ ಓಡಿಬಂದು ಹಿಂದಿನ ಕ್ಯಾರಿಯರನ್ನು ಎರಡೂ ಕೈಗಳಿಂದ ಹಿಡಿದರು.

"ಬಿಡಿ," ಎಂದಳು ಅಕ್ಕ.

ಭಾವನ ಮುಖ ಅರಳಿತು. "ಹಾಂ, ಅದೇ ಒಳ್ಳೇದು. ನೀನು ಇಳಿ, ಮೊದಲು ನಾನು ಬಿಟ್ಟು ನೋಡ್ತೇನೆ."

"ಅಯ್ಯೋ, ಸೈಕಲ್ ಬಿಡ್ಲಿಕ್ಕೆ ಅಲ್ಲ ಮಾರಾಯ್ರೆ, ಕ್ಯಾರಿಯರ್ ಬಿಡ್ಲಿಕ್ಕೆ!"

ಭಾವ ನನ್ನ ಮುಖ ನೋಡಿದರು. ನಾನು ತಟಸ್ಥನಾಗಿ ಆಕಾಶ ನೋಡಿದೆ. ಒಂದೊಂದೇ ಬೆರಳು ಸಡಿಲಿಸಿ ಅವರು ಬಿಟ್ಟರು. ಅವಳು ಬಿಟ್ಟಳು. ಗೇಟಿನವರೆಗೆ ಹೋಗಿ, ಹಿಡಿಯಿಂದ ಕೈ ಸಡಿಲಿಸಿ, ಅಲ್ಲೇ ನಿಂತು, ತಿರುಗಿ ನೋಡಿ ನಕ್ಕಳು.

ಸೋಮವಾರ ಭಾವ ಎರಡನೆಯ ಚಹಾ ಕುಡಿಯುವ ಹೊತ್ತಿಗೆ ಅಕ್ಕ ಅಂಗಡಿಯಲ್ಲಿದ್ದಳಂತೆ. ಗುಜರಿಯವರು ಹೇಳಿದ ಮಾತಿಗೆ ತಪ್ಪದೆ ಕಕ್ಕಿಂಜೆಯಿಂದ ಬಂದರಂತೆ. ಅಂಗಳದಲ್ಲಿ ಸೈಕಲ್ ಕಾಣದೆ ಸುತ್ತಲೂ ಕಣ್ಣಾಡಿಸಿ, ಭಾವನ ಬೈಕಿನ ಬಳಿ ನಿಂತು ವಿನಯದಿಂದ ಕೇಳಿದರಂತೆ: "ಇದು ಕೊಡ್ಲಿಕ್ಕೆ ಉಂಟಾ?"

ಓದುಗರಲ್ಲಿ ನನ್ನದೊಂದು ಸರಳ ಕೋರಿಕೆ. ನಿಮ್ಮ ಮನೆಯ ಹೆಣ್ಣುಮಕ್ಕಳ ಗಾಡಿ ಕೆಟ್ಟರೆ ರಿಪೇರಿ ಮಾಡಿಸಿ. ಅವರು ಹತ್ತಿ ಕುಳಿತ ಮೇಲೆ, ದಯವಿಟ್ಟು ಕ್ಯಾರಿಯರ್ ಬಿಡಿ.