ಅಂಗೈ ಮೇಲಿನ ಸಾರು

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ನಲವತ್ತೈದು ವರ್ಷದ ಮೇಲಾಯಿತು. ಅಷ್ಟು ಹಳೆಯ ಮಾತು ಈಗೇಕೆ ಎಂದರೆ, ಮೊನ್ನೆ ದಿಗ್ಗೇವಾಡಿಯಿಂದ ಮೊಮ್ಮಗಳು ಅಶ್ವಿನಿ ಬಂದಳು, ಬರುವಾಗ ಒಂದು ಸ್ಟೀಲ್ ಡಬ್ಬಿ ತಂದಳು. ಮದುವೆಯಾದ ಮೇಲೆ ಮೊದಲ ಸಲ ತಾನೇ ನಿಂತು ಮಾಡಿದ ಮಸಾಲೆ ಖಾರ ಅದರಲ್ಲಿತ್ತು. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

“ಆಯಿ, ನಾ ಏನ ಮಾಡಿದ್ರೂ ನಮ್ಮನ್ಯಾಗ ಸುಮ್ನ ಉಂಡ ಏಳ್ತಾರ. ಛಲೋ ಅನ್ನೂದಿಲ್ಲ, ಕೆಟ್ಟ ಅನ್ನೂದಿಲ್ಲ. ಮೊಬೈಲ್ ನೋಡಿ ಅಳತಿ ಮಾಡೇ ಹಾಕ್ತೀನಿ. ಅಡಗಿ ಕೈಗೆ ಹತ್ತಬೇಕಂದ್ರ ಏನ ಮಾಡ್ಬೇಕ, ನೀನರ ಹೇಳ.”

ಇಂಥದ್ದನ್ನು ನನ್ನನ್ನು ಕೇಳಿದವರು ಇವಳೇ ಮೊದಲು. ಅಡುಗೆಯನ್ನು ಕಲಿಸಿ ನನಗೆ ಗೊತ್ತಿಲ್ಲ. ಹೇಳಲು ನನ್ನ ಹತ್ತಿರ ಇರುವುದು ಒಂದು ವರ್ಷದ ಕತೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಡೆಗೆ ಆದದ್ದನ್ನು ಮಾತ್ರ ಅವಳಿಗೆ ಹೇಳಬೇಕಾಗಲಿಲ್ಲ, ಅವಳ ಕಣ್ಣೆದುರಿಗೇ ಆಯಿತು.

ನನ್ನ ತವರು ತೆಲಸಂಗ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮುಗಿಯಿತು. ನಮ್ಮವ್ವನಿಗೆ ಅಡುಗೆ ಎಂದರೆ ಹೊಲಕ್ಕೆ ಹೋಗುವ ಮುಂಚೆ ಮುಗಿಸಬೇಕಾದ ಒಂದು ಕೆಲಸ, ಸಗಣಿ ಬಳಿದ ಹಾಗೆ. ಅಲ್ಲಿಂದ ಬೇಡಕಿಹಾಳಕ್ಕೆ ಸೊಸೆಯಾಗಿ ಬಂದೆ. ಇಲ್ಲಿ ಕಬ್ಬು, ತಂಬಾಕು, ಬಾವಿ ತುಂಬ ನೀರು. ಇಲ್ಲಿಯವರ ನಾಲಗೆಯೂ ನೀರಾವರಿಯದು, ದಿನಕ್ಕೊಂದು ಬೇಡುತ್ತದೆ.

ನಮ್ಮ ಅತ್ತೆ ಅಡುಗೆಯಲ್ಲಿ ಹೆಸರಾದವರು. ಯಾರ ಮನೆಯಲ್ಲಿ ಮದುವೆ ಇದ್ದರೂ ಮಸಾಲೆ ಹುರಿಯಲು ಅವರಿಗೇ ಕರೆ ಬರುತ್ತಿತ್ತು. ಮನೆಯಲ್ಲಿ ಒಂದು ರೂಢಿ ಇಟ್ಟಿದ್ದರು. ಸಾರು ಕುದಿ ಬಂದ ಕೂಡಲೇ ನಾನು ಸೌಟಿನಲ್ಲಿ ತುಸು ತಂದು, ಊದಿ ಆರಿಸಿ, ಅವರ ಅಂಗೈ ಮೇಲೆ ಬಿಡಬೇಕು. ಅವರು ನೆಕ್ಕಿ, ಕಣ್ಣು ಮುಚ್ಚಿ, “ಹ್ಞೂಂ” ಅಂದರೆ ಇಳಿಸಬೇಕು. “ಉಪ್ಪ” ಅಂದರೆ ಉಪ್ಪು ಹಾಕಬೇಕು. ನಾನು ರುಚಿ ನೋಡಿದರೆ ಅದು ಲೆಕ್ಕಕ್ಕಿಲ್ಲ. ಹೊಲ ಮನೆ ಯಾರ ಹೆಸರಿನಲ್ಲಿದ್ದರೇನು, ಆ ಮನೆ ನಡೆಯುತ್ತಿದ್ದದ್ದು ಆ ಅಂಗೈ ಮೇಲೆ. ನನಗೂ ಒಂದು ದಿನ ಅಂಥ ಅಂಗೈ ಬೇಕಿತ್ತು. ಬಂಗಾರ ಬೇಕು ಅಂತ ಅನ್ನಿಸಿರಲಿಲ್ಲ, ಇದು ಬೇಕು ಅನ್ನಿಸಿತ್ತು.

ಇನ್ನೊಂದು ರೂಢಿ ಮಿಸರಿಯದು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ತೋರುಬೆರಳಿನಿಂದ ಹಲ್ಲಿಗೆ ತಿಕ್ಕುವುದು. ನಿಪ್ಪಾಣಿ ಸುತ್ತಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ನನಗೆ ಅತ್ತೆಯೇ ಹಚ್ಚಿ ಕೊಟ್ಟರು. ಮೊದಲ ದಿನ ತಲೆ ತಿರುಗಿ ಗೋಡೆ ಹಿಡಿದುಕೊಂಡೆ. ಆಮೇಲೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅತ್ತೆ ಸೊಸೆ ಇಬ್ಬರೂ ಬೆರಳು ಬಾಯಲ್ಲಿಟ್ಟುಕೊಂಡು ಕೂತರೆ ಆ ಹೊತ್ತಿನಲ್ಲಿ ಯಾರೂ ನಮಗೆ ಕೆಲಸ ಹೇಳುತ್ತಿರಲಿಲ್ಲ, ಅವರೂ ನನಗೆ ಹೇಳುತ್ತಿರಲಿಲ್ಲ.

ಮಸಾಲೆ ಖಾರ ನಮ್ಮ ಕಡೆ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮಾಡುತ್ತಾರೆ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಳ್ಳು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಂದೊಂದನ್ನೂ ಬೇರೆ ಬೇರೆ ಹುರಿದು, ಕುಟ್ಟಿ, ಭರಣಿಗೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಅದೇ. ಸಾರಿಗೂ ಅದೇ, ಪಲ್ಯಕ್ಕೂ ಅದೇ. ಸಾರು ಕೆಟ್ಟರೆ ಸಂಜೆಗೆ ಮರೆತುಹೋಗುತ್ತದೆ. ಖಾರ ಕೆಟ್ಟರೆ ವರ್ಷಪೂರ್ತಿ ಉಣ್ಣಬೇಕು.

ಆ ವರ್ಷ ಕೆಟ್ಟಿತು. ಅತ್ತೆಯೇ ಹುರಿದಿದ್ದರು, ನಾನು ಒಲೆಗೆ ಕಟ್ಟಿಗೆ ಒಟ್ಟಿದ್ದೆ, ಅಷ್ಟೆ. ಹೊಸ ಖಾರದ ಮೊದಲ ಸಾರಿಗೆ ಮಾವ ರೊಟ್ಟಿ ಅದ್ದಿ ಬಾಯಿಗಿಟ್ಟು ತಾಟು ದೂಡಿದರು.

“ಇದ ಸಾರೋ, ಕಷಾಯೋ? ಯಾರ ಮಾಡ್ಯಾರ ಇವತ್ತ?”

ಅತ್ತೆ ಅಂಗೈ ಚಾಚಿದರು. ನಾನು ಬಿಟ್ಟೆ. ನೆಕ್ಕಿದರು. “ನಂಗೇನೂ ಹತ್ತಲಿಲ್ಲ. ನನ್ನ ಮಸಾಲಿ ಎಂದಾರ ಕಹಿ ಆಗೇತೇನ್ರಿ? ತೆಲಸಂಗದಾಕಿ ಒಗ್ಗರಣಿ ಹೊತ್ತಿಸ್ಯಾಳ.”

ನಾನೂ ನೆಕ್ಕಿ ನೋಡಿದೆ. ತುಸು ಕಹಿ ಅನ್ನಿಸಿತು, ಅನ್ನಿಸಲೂ ಇಲ್ಲ. ಇರಬಹುದು, ನಾನೇ ಹೊತ್ತಿಸಿರಬಹುದು ಅಂದುಕೊಂಡೆ. ಮರುದಿನವೂ ಕಹಿ, ಅದರ ಮರುದಿನವೂ. ಮಾತು ಬಾವಿಗೆ ಹೋಗಲು ಹೊತ್ತು ಬೇಕೇ? ಪಕ್ಕದ ಮನೆಯಾಕೆ ಕೊಡ ತುಂಬುತ್ತ ಕೇಳಿದಳು, “ಏನ ಬೇ, ನಿನ್ನ ಕೈಯಾಗ ಬೇವಿನ ಗಿಡ ಹುಟ್ಟೇತಂತಲ್ಲ? ಎಳೀ ಎಲಿ ಎರಡ ಕೊಡ, ನಮ್ಮ ಕೂಸಿಗೆ ಜಂತ ಆಗ್ಯಾವು.” ಅಲ್ಲಿದ್ದವರೆಲ್ಲ ನಕ್ಕರು. ನಾನು ಕೊಡ ಎತ್ತಿಕೊಂಡು ಬಂದೆ. ಕಹಿಗೈಯವಳು ಅಂತ ಒಮ್ಮೆ ಹೆಸರು ಬಿದ್ದರೆ ಯಾವ ಜನ್ಮದಲ್ಲಿ ಅಂಗೈ ಚಾಚುವುದು?

ಆ ಹೊತ್ತಿಗೇ ನಾನು ಬಸುರಿ. ಮಿಸರಿ ಡಬ್ಬಿ ಕಂಡರೆ ವಾಂತಿ ಬರುತ್ತಿತ್ತು, ಬಿಟ್ಟೆ. ಬುದ್ಧಿಯಿಂದ ಬಿಟ್ಟದ್ದಲ್ಲ, ಹೊಟ್ಟೆ ಬಿಡಿಸಿತು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಉಣ್ಣಲು ಕೂತೆ. ಮಿಸರಿ ಬಿಟ್ಟ ನಾಲಗೆಗೆ ಮೊದಲು ಹೊಡೆದದ್ದು ಖಾರದ ಕಹಿಯಲ್ಲ, ನನ್ನದೇ ಉಪ್ಪು. ನಮ್ಮವರನ್ನು ಕೇಳಿದೆ.

“ನಾ ಇಷ್ಟ ಉಪ್ಪ ಹಾಕ್ತಿದ್ನೇನ್ರಿ?”

“ಹೂಂ. ಬಂದಾಗಿಂದ.”

“ಮತ್ತ ಹೇಳಬಾರದಿತ್ತೇನ್ರಿ?”

“ಹೇಳಿದ್ರ ನೀ ಅಳ್ತಿದ್ದಿ, ಅವ್ವ ಬೈತಿದ್ಲು. ಎರಡ ತಂಬಗಿ ನೀರ ಹೆಚ್ಚ ಕುಡದ್ರ ಆತಂತ ಸುಮ್ನಿದ್ದೆ.”

ಇಂಥ ಗಂಡಸರಿಂದ ಅಡುಗೆ ಕಲಿಯಬೇಕು ನಾವು.

ಉಪ್ಪಿನ ಹಿಂದೆ ಕಹಿ ಬಂತು. ಅದು ಹೊತ್ತಿದ ಒಗ್ಗರಣೆಯ ಕಹಿಯಲ್ಲ. ಭರಣಿಗೆ ಬೆರಳು ಹಾಕಿ ಬರೀ ಖಾರ ನೆಕ್ಕಿದೆ. ಅದರಲ್ಲೇ ಇತ್ತು. ನೇರ ಹೋಗಿ ಹೇಳಿದೆ, “ಅತ್ತಿ, ಖಾರ ಕಹಿ ಆಗೇತಿ, ನನ್ನ ಒಗ್ಗರಣಿ ಅಲ್ಲರಿ.”

“ಬಸುರಿ ನಾಲಗಿ ಮಾತ ಯಾರ ಕೇಳ್ತಾರ?” ಅಂದರು ಅತ್ತೆ. “ನಾಳಿ ಮಣ್ಣ ರುಚಿ ಐತಿ ಅಂತೀ.”

ಅಲ್ಲಿಗೆ ಮುಗಿಯಿತು. ಖಾರ ಚೆಲ್ಲುವ ಹಾಗಿಲ್ಲ, ಚೆಲ್ಲಿದರೆ ಅವರ ಹೆಸರು ಚೆಲ್ಲಿದ ಹಾಗೆ. ಹಾಕುವ ಹಾಗೂ ಇಲ್ಲ. ಆ ಒಂದು ವರ್ಷ ನಾನು ಒಲೆಯ ಮುಂದೆ ಕದಿಯಲು ಬಂದವಳ ಹಾಗೆ ಬದುಕಿದೆ. ಮಸಾಲೆ ಅರ್ಧ ಇಳಿಸಿ ಹಸಿಮೆಣಸಿನಕಾಯಿ ಜಜ್ಜಿ ಹಾಕಿದೆ. ಉಳ್ಳಾಗಡ್ಡಿಯನ್ನು ಅವಸರ ಮಾಡದೆ ಕೆಂಪಗಾಗುವವರೆಗೆ ಕೆದಕಿದೆ. ಬೆಲ್ಲ ಹಾಕಿದರೆ ಕಹಿ ಹೋಗುವುದಿಲ್ಲ, ಸುಮ್ಮನೆ ಸೆರಗು ಹೊದ್ದುಕೊಳ್ಳುತ್ತದೆ. ಶೇಂಗಾ ಪುಡಿ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟರೆ ಮೆತ್ತಗಾಗುತ್ತದೆ. ಹುಣಸೆಹುಳಿ ಹೆಚ್ಚಾದರೆ ಕಹಿ ಹುಳಿ ಎರಡೂ ಸೇರಿ ಜಗಳಕ್ಕೆ ನಿಲ್ಲುತ್ತವೆ. ಇದನ್ನೆಲ್ಲ ಕಂಡುಕೊಂಡದ್ದು ಕೆಡಿಸಿ ಕೆಡಿಸಿಯೇ. ಬಾಯಿಂದ ಯಾರೂ ಹೇಳುವುದಿಲ್ಲವಲ್ಲ, ಹಾಗಾಗಿ ಉಣ್ಣುವವರ ಕೈ ನೋಡಲು ಕಲಿತೆ. ಮಾವ ಎರಡನೆಯ ರೊಟ್ಟಿ ಮುರಿದು ಸಾರಿಗೆ ಅದ್ದಿದರೆ ನಾನು ಗೆದ್ದೆ. ಮಜ್ಜಿಗೆಯ ಕಡೆ ಕೈ ಹೋದರೆ ಸೋತೆ. ಅತ್ತೆಯ ಅಂಗೈಗೆ ಬಿಡುವುದನ್ನು ತಪ್ಪಿಸಲಿಲ್ಲ. ಅವರು “ಉಪ್ಪ” ಅಂದರೆ ಉಪ್ಪಿನ ಭರಣಿಗೆ ಕೈ ಹಾಕಿ ಬರಿಗೈಯನ್ನು ಸಾರಿನ ಮೇಲೆ ಉದುರಿಸುತ್ತಿದ್ದೆ. ಮತ್ತೆ ನೆಕ್ಕಿ “ಹ್ಞೂಂ, ಈಗ ಬರೋಬ್ಬರಿ” ಅನ್ನುತ್ತಿದ್ದರು.

ಮುಂದಿನ ಬೇಸಿಗೆಯ ಹೊತ್ತಿಗೆ ಮಗ ಹುಟ್ಟಿ ತೊಟ್ಟಿಲಲ್ಲಿದ್ದ. ಮತ್ತೆ ಖಾರದ ದಿನ ಬಂತು. ಅಟ್ಟದ ಮೇಲಿನ ದೊಡ್ಡ ಕಬ್ಬಿಣದ ಕಡಾಯಿ ಇಳಿಸಿದೆ. ಅದು ವರ್ಷಕ್ಕೊಮ್ಮೆ ಇಳಿಯುವಂಥದ್ದು. ಅದನ್ನು ತೊಳೆಯುವುದಿಲ್ಲ. ಖಾರದ ಪಾತ್ರೆಗೆ ನೀರು ತಾಗಿದರೆ ಖಾರಕ್ಕೆ ಬೂಷ್ಟು ಬರುತ್ತದೆ ಅಂತ ಅತ್ತೆಯ ಕಟ್ಟಳೆ. ಬಟ್ಟೆಯಿಂದ ಒರೆಸಿದೆ. ತಳದಲ್ಲಿ ಕರಿ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಗೆಗೆ ಇಟ್ಟೆ. ಮಿಸರಿ.

“ಅತ್ತಿ, ಇದರಾಗ ಮಿಸರಿ ಹುರದಿದ್ರೇನ್ರಿ?”

“ಹ್ವಾದ ವರ್ಷ ಹಂಚ ಸೀಳಿತ್ತು. ಖಾರಕ್ಕ ಮೊದಲ ಒಮ್ಮಿ ಹುರದಿದ್ದೆ. ಒರಸೇನಲ್ಲ?” ಅಂದರು.

ಕಡಾಯಿಯನ್ನು ಅವರ ಮುಂದೆ ಇಟ್ಟೆ. ಅವರೂ ಕೆರೆದು ನೆಕ್ಕಿದರು, ಕಣ್ಣು ಮುಚ್ಚಿದರು. “ಸಪ್ಪಗೈತಿ” ಅಂದರು. ಅಂದವರೇ ಕಣ್ಣು ತೆರೆದು ನನ್ನ ಕಡೆ ನೋಡಿದರು. ಪೊರೆ ಕರ್ರಗೆ ಅವರ ಬೆರಳಿನ ಮೇಲೇ ಇತ್ತು. ಕಡಾಯಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಬೂದಿ ಹಾಕಿ ತಿಕ್ಕಿದರು, ಕೊಡ ಬಗ್ಗಿಸಿ ನೀರು ಹೊಯ್ದು ತೊಳೆದರು, ಬಿಸಿಲಿಗೆ ಬೋರಲು ಹಾಕಿದರು. ನೀರು ತಾಗಬಾರದು ಅಂದವರೇ.

ಆ ಮಧ್ಯಾಹ್ನ ಸಾರು ಕುದಿಯಿತು. ಅಂಗೈ ಚಾಚಿದರು, ಎಂದಿನ ಹಾಗೇ. ನಾನು ಬಿಟ್ಟೆ, ಎಂದಿನ ಹಾಗೇ. ಅವರು ಸಾಯುವವರೆಗೂ ಚಾಚಿದರು. ಹಟಮಾರಿ ಮುದುಕಿ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಅವರು ಹೋದ ಮೇಲೆ, ಮಗನಿಗೆ ಶೋಭಾ ಹೆಂಡತಿಯಾಗಿ ಬಂದಾಗ, ನನ್ನ ಅಂಗೈ ತಾನೇ ಮುಂದೆ ಹೋಯಿತು. ಯಾರೂ ಹೇಳಿಕೊಡಲಿಲ್ಲ.

ಅಶ್ವಿನಿಗೆ ಇಷ್ಟು ಹೇಳಿ ಮುಗಿಸಿದೆ. “ಅಳತಿ ಇರಲಿ ಬಿಡ. ಬಾಯಿ ತೊಳಕೊಂಡ ರುಚಿ ನೋಡ. ಎಲ್ಲಾರ ಉಂಡ ಮ್ಯಾಲ ಆರಿದ್ದ ತಿನಬ್ಯಾಡ, ಅವರ ಸಂಗಾಟನ ಬಿಸಿದ ಉಣ್ಣ. ಅವರ ಕೈ ನೋಡ.” ಆಮೇಲೆ ದೊಡ್ಡವಳ ಗತ್ತಿನಲ್ಲಿ ಅವಳ ಡಬ್ಬಿಯಿಂದ ಚಿಟಿಕೆ ಖಾರ ತೆಗೆದು ನಾಲಗೆಗೆ ಇಟ್ಟು ಕಣ್ಣು ಮುಚ್ಚಿದೆ.

“ಛಲೋ ಆಗೇತಿ. ತಪ್ಪ ನಿನ್ನ ಖಾರದ್ದಲ್ಲ, ನಿಮ್ಮನಿಯವರ ಬಾಯಿದ್ದು.”

ಸೊಪ್ಪು ಸೋಸುತ್ತಿದ್ದ ಶೋಭಾ ಎದ್ದು ಬಂದು ತಾನೂ ಒಂದು ಚಿಟಿಕೆ ನೆಕ್ಕಿದಳು. ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಅತ್ತಿ, ಕೊಬ್ರಿ ಕಮಟ ಆಗೇತ್ರಿ. ಹಳೇ ಕೊಬ್ರಿ ಹಾಕ್ಯಾಳಿಕಿ. ಡಬ್ಬಿ ತಗದಾಗನ ವಾಸನಿ ಬಂತ.”

“ನಿನ್ನ ನಾಲಗಿಗೇನಾಗೇತಿ?” ಅಂದೆ. “ಬಸುರೇನ ನೀ?”

ಶೋಭಾಗೆ ನಲವತ್ತು ದಾಟಿದೆ. ಅಶ್ವಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಶೋಭಾಳೂ ನಕ್ಕಳು. ನಾನು ಏನಂದೆ ಅಂತ ನನಗೆ ಕೇಳಿಸಿತು. ಡಬ್ಬಿಯನ್ನು ಮತ್ತೆ ಮೂಗಿಗೆ ಹಿಡಿದೆ. ಏನೂ ಇಲ್ಲ. ಮಿಸರಿ ಬಿಟ್ಟು ಇಷ್ಟು ವರ್ಷವಾದರೂ ಏನೂ ಇಲ್ಲ.

“ಸಾರಿನಾಗ ನಾ ಉಪ್ಪ ಅಂದಾಗ ಹಾಕ್ತೀಯೇನ?” ಅಂತ ಶೋಭಾಳನ್ನು ಕೇಳಿದೆ.

ಅವಳು ಸೊಪ್ಪಿನ ಬುಟ್ಟಿ ಎಳೆದುಕೊಂಡಳು. “ಭರಣಿಗೆ ಕೈ ಹಾಕ್ತೀನ್ರಿ.”

“ಎಂದಿಂದ?”

“ಹ್ವಾದ ದೀಪಾವಳಿಯಿಂದ್ರಿ, ಅತ್ತಿ.”

ಮರುದಿನ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದೆ. ಒಲೆ ಹಚ್ಚಿ ಸಾರಿಗೆ ಇಟ್ಟೆ. ಕುದಿ ಬಂದಾಗ ಸೌಟಿನಲ್ಲಿ ತುಸು ತೆಗೆದು, ಊದಿ ಆರಿಸಿ, ಹಿತ್ತಲಿಂದ ಮುಖ ತೊಳೆದುಕೊಂಡು ಬಂದ ಶೋಭಾಳ ಎದುರಿಗೆ ನಿಂತೆ. ಅವಳಿಗೆ ತಿಳಿಯಲಿಲ್ಲ. ಕೈ ಹಿಡಿದು, ಮಗುಚಿ, ಅಂಗೈ ಮೇಲೆ ಬಿಟ್ಟೆ. ನೆಕ್ಕಿದಳು. ಕಣ್ಣು ಮುಚ್ಚಲಿಲ್ಲ.

“ಉಪ್ಪ ಹೆಚ್ಚಾಗೇತ್ರಿ” ಅಂದಳು.

ನಾನು ಒಂದು ತಂಬಿಗೆ ನೀರು ಹೊಯ್ದು ಉರಿ ದೊಡ್ಡದು ಮಾಡಿದೆ.